ಮಧ್ಯಾಹ್ನ ಒಂದೂವರೆಯ ನಂತರದ ಬಿಕಾಂ

ಪಿಯುಸಿ ರಿಸಲ್ಟ್ ಬಂದ ವಾರ ಮನೆಯಲ್ಲಿ ಒಂದೇ ಮಾತು. ಬಿಬಿಎನಾ, ಬಿಕಾಮಾ? ಅದು 2014. ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಅಪ್ಪ ಯಶವಂತಪುರ ಯಾರ್ಡ್‌ನಲ್ಲಿ ಹಮಾಲಿ. ಲಗ್ಗೆರೆಯಲ್ಲಿ ಬಾಡಿಗೆ ಮನೆ. ಮಾವ ಯಾವುದೋ ಖಾಸಗಿ ಕಾಲೇಜಿನ ಬಣ್ಣದ ಪುಸ್ತಕ ತಂದು, "ಬಿಬಿಎ ಮಾಡಿಸಕ್ಕಾ, ಮ್ಯಾನೇಜರ್ ಆಗ್ತಾಳೆ" ಅಂದರು. ಫೀಸು ವರ್ಷಕ್ಕೆ ಒಂದು ಲಕ್ಷದ ಹತ್ತಿರ. ಅಮ್ಮ ಆ ಪುಟವನ್ನೇ ಎರಡು ಸಲ ನೋಡಿ, "ಚೀಟಿ ಎತ್ತಿದ್ರೂ ಒಂದು ವರ್ಷಕ್ಕೆ ಸಾಲಲ್ಲ ಕಣೋ" ಅಂದಳು. ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಸೇರಿದೆ. ವರ್ಷದ ಫೀಸು ಐದು ಸಾವಿರ ದಾಟಲಿಲ್ಲ.

ಆಗ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸಾಲವಿಲ್ಲದೆ ಓದಿದ್ದರಿಂದಲೇ ಮುಂದೆ ಕಡಿಮೆ ಸಂಬಳದ, ಚೆನ್ನಾಗಿ ಕಲಿಸುವ ಕೆಲಸ ಹಿಡಿಯಲು ನನಗೆ ಆಯ್ತು. ತಿಂಗಳ ಕಂತು ಕಟ್ಟಬೇಕಿದ್ದರೆ ಅದು ಆಗುತ್ತಿರಲಿಲ್ಲ.

ಕ್ಲಾಸು ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿತ್ತು. ಎರಡನೇ ವರ್ಷದಲ್ಲಿ ಅವೆನ್ಯೂ ರಸ್ತೆ ಹತ್ತಿರದ ಒಬ್ಬ ಆಡಿಟರ್ ಆಫೀಸಿಗೆ ಸೇರಿಕೊಂಡೆ. ಒಂದೂವರೆಯಿಂದ ಏಳರವರೆಗೆ, ತಿಂಗಳಿಗೆ 4,000. ಮೊದಲ ಮೂರು ತಿಂಗಳು ಬರೀ ಬಿಲ್ ಜೋಡಿಸುವುದೇ ಕೆಲಸ. ಚಿಕ್ಕಪೇಟೆಯ ಅಂಗಡಿಯವರು ವರ್ಷದ ಬಿಲ್ಲುಗಳನ್ನೆಲ್ಲ ಸೀರೆ ಕವರಿನಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿಯುತ್ತಿದ್ದರು. ಅದರಲ್ಲಿ ಅರ್ಧದ ಅಕ್ಷರ ಅಳಿಸಿಯೇ ಹೋಗಿರುತ್ತಿತ್ತು. ತಾರೀಖಿನ ಪ್ರಕಾರ ಜೋಡಿಸು, ಪಂಚ್ ಮಾಡು, ಆಮೇಲೆ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿಗೆ ಹಾಕು. ಕೀಬೋರ್ಡಿನಲ್ಲಿ ಎಫ್5 ಒತ್ತಿದರೆ ಪೇಮೆಂಟು, ಎಫ್6 ರಸೀದಿ, ಎಫ್8 ಮಾರಾಟ, ಎಫ್9 ಖರೀದಿ. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ ಅಂತ ಗೊತ್ತಾಗಿದ್ದೂ ಅಲ್ಲೇ.

ಒಂದು ಸಂಜೆ ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಲೆಕ್ಕಕ್ಕೂ 900 ರೂಪಾಯಿ ಹೊಂದಲಿಲ್ಲ. ಎರಡು ಗಂಟೆ ಹುಡುಕಿದೆ, ಅಳು ಬರೋದೊಂದು ಬಾಕಿ. ಸರ್ ಬಂದು ಪರದೆ ಕಡೆ ನೋಡಲೇ ಇಲ್ಲ. "ಒಂಬತ್ತರಿಂದ ಭಾಗ ಹೋಗುತ್ತೇನಮ್ಮಾ?" ಅಂದರು. ಹೋಗುತ್ತೆ ಸರ್. "ಹಾಗಾದ್ರೆ ಎಲ್ಲೋ ಪಕ್ಕಪಕ್ಕದ ಅಂಕಿ ಅದಲುಬದಲು ಮಾಡಿದ್ದೀಯ, ನೋಡು." ಅವರು ಹೇಳಿದ ಹಾಗೇ ಆಗಿತ್ತು. 5,400 ಇರುವಲ್ಲಿ 4,500 ಹೊಡೆದಿದ್ದೆ. ಮೂರು ವರ್ಷದ ಪಠ್ಯದಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಂತ ಕಾಲೇಜು ದಂಡ ಅಂತಲ್ಲ. ಕಾಸ್ಟಿಂಗು, ಕಂಪನಿ ಕಾನೂನು, ಇನ್‌ಕಮ್ ಟ್ಯಾಕ್ಸ್ ಅಲ್ಲೇ ಕಲಿತಿದ್ದು. ಬೆಳಿಗ್ಗೆ ಕೇಳಿದ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಪಾಠ ಮಧ್ಯಾಹ್ನ ಅದನ್ನು ಕಟ್ಟುವ ಚಲನ್ ಆಗಿ ಕೈಗೆ ಬಂದರೆ ಮತ್ತೆ ಮರೆಯುವ ಮಾತೇ ಇಲ್ಲ.

ದುಡ್ಡು ಕಳೆದುಕೊಂಡಿದ್ದು ಒಂದೇ ಕಡೆ. ಕೊನೆಯ ವರ್ಷ "ಪ್ಲೇಸ್‌ಮೆಂಟ್ ಗ್ಯಾರಂಟಿ" ಅಂದ ಒಂದು ಕೋಚಿಂಗ್ ಸೆಂಟರಿಗೆ 18,000 ಕಟ್ಟಿದೆ. ನನಗೆ ಆಗಲೇ ಬರುತ್ತಿದ್ದ ಟ್ಯಾಲಿಯನ್ನೇ ಮತ್ತೆ ಕಲಿಸಿದರು. ಕೊಡಿಸಿದ ಕೆಲಸ ಫೋನ್ ಮಾಡಿ ಪಾಲಿಸಿ ಮಾರುವುದು. ಅಮ್ಮನ ಓಟಿ ದುಡ್ಡು ಅದು. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತೆ.

ಡಿಗ್ರಿ ಮುಗಿದದ್ದು 2017ರಲ್ಲಿ. ಜುಲೈ 1ಕ್ಕೆ ಜಿಎಸ್‌ಟಿ ಬಂತು. ಇದು ಪೂರ್ತಿ ನನ್ನ ಅದೃಷ್ಟ. ಅಲ್ಲಿಯವರೆಗೆ ಹಳೆಯ ಮಾರಾಟ ತೆರಿಗೆಗೆ ತಿಂಗಳಿಗೊಂದು ವ್ಯಾಟ್ 100 ಫಾರಂ ತುಂಬುತ್ತಿದ್ದ ಹಿರಿಯರಿಗೂ, ನಿನ್ನೆ ಮೊನ್ನೆ ಪಾಸಾದ ನನಗೂ ಅದು ಒಂದೇ ಥರ ಹೊಸತು. ರಾತ್ರಿ ಹತ್ತರವರೆಗೆ ಕೂತು ಕಲಿತೆ. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರಲ್ಲಿ ಏನು, ತೆರಿಗೆ ಕಟ್ಟುವ 3ಬಿಯಲ್ಲಿ ಏನು, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಯಾವಾಗ ಸಿಗಲ್ಲ, ಎಲ್ಲಾ. ಸಂಬಳ 12,000 ಆಯ್ತು.

ಒಂದು ವರ್ಷದ ನಂತರ ಹೊರವರ್ತುಲ ರಸ್ತೆಯ ಕಂಪನಿಗಳಿಗೆ ಅರ್ಜಿ ಹಾಕತೊಡಗಿದೆ. ಹೊರದೇಶದ ಕಂಪನಿಗಳ ಲೆಕ್ಕಪತ್ರ ಇಲ್ಲಿ ಕೂತು ನೋಡುವ ಕೆಲಸ. ಮೊದಲ ಸಂದರ್ಶನದಲ್ಲಿ "ತ್ರೀ ವೇ ಮ್ಯಾಚ್ ಅಂದ್ರೇನು?" ಅಂತ ಕೇಳಿದರು. ಬಾಯಿ ಕಟ್ಟಿಹೋಯ್ತು. ಮನೆಗೆ ಬಂದು ಹುಡುಕಿ ನೋಡಿದರೆ, ಅಯ್ಯೋ, ದಿನಾ ಮಾಡುತ್ತಿದ್ದ ಕೆಲಸವೇ! ಆರ್ಡರ್ ಕಾಪಿ, ಮಾಲು ಬಂದ ರಸೀದಿ, ಬಿಲ್ಲು, ಈ ಮೂರನ್ನೂ ತಾಳೆ ನೋಡಿ ಆಮೇಲೆ ದುಡ್ಡು ಕೊಡುವುದು. ಅದರ ಇಂಗ್ಲಿಷ್ ಹೆಸರೊಂದು ಗೊತ್ತಿರಲಿಲ್ಲ, ಅಷ್ಟೇ.

ಅಂದಿನಿಂದ ದಿನಕ್ಕೊಂದು ಇಂಗ್ಲಿಷ್ ಮೇಲ್ ಬರೆದು ಸರ್‌ಗೆ ತೋರಿಸಲು ಶುರು ಮಾಡಿದೆ. "ಈ ಬಿಲ್ಲಿನ ನಂಬರ್ ಇಲ್ಲ, ಸರಿಮಾಡಿ ಕಳಿಸಿ" ಅನ್ನುವಂಥ ನಾಲ್ಕೇ ಸಾಲು. ಅವರು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಮೂರನೇ ಕಂಪನಿಯಲ್ಲಿ ಅದೇ ಪ್ರಶ್ನೆ ಬಂದಾಗ, ಮಾತು ತಡವರಿಸುವ ಮೊದಲೇ ಹಾಳೆ ಕೇಳಿ ಮೂರು ಚೌಕ ಬರೆದು ತೋರಿಸಿದೆ. 22,000ಕ್ಕೆ ಸೇರಿದೆ. ಈಗ ಎಂಟು ಜನರ ಟೀಮ್ ನೋಡಿಕೊಳ್ಳುತ್ತೇನೆ. ಕೈಗೆ ಬರುವುದು 68,000.

ಸಿಎ ಯಾಕೆ ಮಾಡಲಿಲ್ಲ ಅಂತ ಕೇಳುವವರಿದ್ದಾರೆ. ಬಿಕಾಂನಲ್ಲಿ 55 ಪರ್ಸೆಂಟ್ ಬಂದಿದ್ದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ನನಗೆ ಬಂದಿತ್ತು. ಆದರೆ ಸಿಎ ಆಫೀಸಿನಲ್ಲಿ ಕೂತು ಕಲಿಯುವ ಆರ್ಟಿಕಲ್‌ಶಿಪ್ ಆಗ ಮೂರು ವರ್ಷ, ಸ್ಟೈಪೆಂಡ್ ಬಹಳ ಕಡಿಮೆ. ಅಷ್ಟೊತ್ತಿಗೆ ಅಪ್ಪನ ಸೊಂಟ ಹೋಗಿತ್ತು. ಈಗ ಆರ್ಟಿಕಲ್‌ಶಿಪ್ ಅನ್ನು ಎರಡು ವರ್ಷಕ್ಕೆ ಇಳಿಸಿದ್ದಾರೆ. ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದ್ದರೆ ಖಂಡಿತ ಪ್ರಯತ್ನಿಸಿ.

ಚಿಕ್ಕಮ್ಮನ ಮಗಳು ಈ ವರ್ಷ ಬಿಕಾಂ ಸೇರಿದ್ದಾಳೆ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತಂದಾಯ್ತು. ಅದರ ಆರ್‌ಡಿ ನಂಬರ್ ಹಾಕಿ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಅರ್ಜಿಯೂ ಆಯ್ತು. ಆದರೆ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಮಾಡಿಸಿಲ್ಲ. ದುಡ್ಡು ಬರುವುದು ಸೀಡ್ ಆದ ಖಾತೆಗೇ ತಾನೇ. "ಕೆವೈಸಿಗೆ ಆಧಾರ್ ಕೊಟ್ಟಿದ್ದೀನಲ್ಲಕ್ಕಾ, ಸಾಕಲ್ವಾ?" ಅಂತಾಳೆ. ಸಾಕಾಗಲ್ಲ, ಅದು ಬ್ಯಾಂಕಿಗೆ ಗುರುತು ತೋರಿಸಲು, ಇದು ಸರ್ಕಾರದ ದುಡ್ಡು ಖಾತೆಗೆ ಬೀಳಲು. ಶನಿವಾರ ಪಾಸ್‌ಬುಕ್ ತಗೊಂಡು ಬಾ ಅಂದಿದ್ದೇನೆ. ಬ್ಯಾಂಕಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರ ಅಲ್ಲ ಅಂತ ಕ್ಯಾಲೆಂಡರ್ ನೋಡಿಕೊಂಡೇ ಹೇಳಿದ್ದು.