ಜ್ಯೂರಿ ಡ್ಯೂಟಿ ಕಾಗದ ಬಂತೆ? ತಪ್ಪಿಸಿಕೊಳ್ಳುವ ಮುಂಚೆ ಇದನ್ನು ಓದಿ

ಕ್ಯಾಲಿಫೋರ್ನಿಯಾದಲ್ಲಿ ಸಿಟಿಜನ್ ಆದ ಕನ್ನಡದವರ ಮನೆಗೆ ಇವತ್ತಲ್ಲ ನಾಳೆ ಕೋರ್ಟಿನ ಸಮನ್ಸ್ ಬರುತ್ತದೆ: ಸಾಮಾನ್ಯ ಜನರೇ ಕೂತು ಕೇಸು ಕೇಳಿ ತೀರ್ಪು ಕೊಡುವ ಜ್ಯೂರಿಗೆ ಬನ್ನಿ ಅಂತ. ಬಂದ ಕೂಡಲೇ ವಾಟ್ಸಾಪ್ ಗ್ರೂಪಿನಲ್ಲಿ ಸಲಹೆ ಶುರು: "ಇಂಗ್ಲಿಷ್ ಬರಲ್ಲ ಅಂದ್ಬಿಡಿ", "ಪೊಲೀಸರನ್ನ ಕಂಡ್ರೆ ಆಗಲ್ಲ ಅನ್ನಿ". ಬೆಳಗಿನಿಂದ ಸಂಜೆತನಕ ಇಂಗ್ಲಿಷಿನಲ್ಲೇ ಮೀಟಿಂಗ್ ಮಾಡುವವರು ಪ್ರಮಾಣ ಮಾಡಿ ಹೀಗೆ ಹೇಳಿದರೆ ಅದು ಶುದ್ಧ ಸುಳ್ಳು. ಸ್ಯಾನ್ ಹೋಸೆಯಲ್ಲಿ ಒಂದು ಕೇಸಿಗೆ ಕೂತು ಬಂದವಳಾಗಿ ಇದನ್ನು ಬರೆಯುತ್ತಿದ್ದೇನೆ.

ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಇಲಾಖೆಯ ಪಟ್ಟಿಯಿಂದಲೂ ಹೆಸರು ಎತ್ತುವುದರಿಂದ ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್‌ನವರಿಗೂ ಕಾಗದ ಬರಬಹುದು. ಅವರು "ಸಿಟಿಜನ್ ಅಲ್ಲ" ಎಂದು ಗುರುತು ಹಾಕಿ ವಾಪಸ್ ಕಳಿಸಿದರೆ ಸಾಕು. ಕಸದ ಬುಟ್ಟಿಗೆ ಹಾಕಬೇಡಿ, ಉತ್ಸಾಹದಿಂದ ಹೋಗಿ ಕೂರಲೂಬೇಡಿ. ಸಿಟಿಜನ್ ಎಂದು ಸುಳ್ಳು ಹೇಳಿದರೆ ಇಮಿಗ್ರೇಶನ್‌ನಲ್ಲಿ ದೊಡ್ಡ ತಲೆನೋವು. "ಜ್ಯೂರಿಗೆ ಬಂದಿಲ್ಲ, ಅರೆಸ್ಟ್ ಮಾಡ್ತೀವಿ, ಗಿಫ್ಟ್ ಕಾರ್ಡ್ ಕೊಡಿ" ಅಂತ ಫೋನ್ ಬಂದರೆ ಅದು ಮೋಸ, ಇಟ್ಟುಬಿಡಿ.

ಊರಿಗೆ ಟಿಕೆಟ್ ಆಗಿದ್ದರೆ ಮುಂದಕ್ಕೆ ಹಾಕಿಸಿಕೊಳ್ಳಬಹುದು. ಹೋಗುವ ಹಿಂದಿನ ಸಂಜೆ ವೆಬ್‌ಸೈಟಿನಲ್ಲಿ ನಿಮ್ಮ ಗ್ರೂಪ್ ನಂಬರ್ ನೋಡಿ. ಎಷ್ಟೋ ಸಲ ಕರೆಯುವುದೇ ಇಲ್ಲ.

ಈಗ ದುಡ್ಡಿನ ವಿಷಯ. ಇಲ್ಲಿನ ಕೌಂಟಿ ಕೋರ್ಟು ಕೊಡುವುದು ದಿನಕ್ಕೆ 15 ಡಾಲರ್, ಅದೂ ಎರಡನೇ ದಿನದಿಂದ. ಗಂಟೆ ಲೆಕ್ಕದ ಕೂಲಿಯವರು, ಒಂಟಿ ತಾಯಂದಿರು ಇದರಲ್ಲಿ ಹೇಗೆ ಕೂರುತ್ತಾರೆ? ಕಷ್ಟ ಹೇಳಿಕೊಂಡು ಬಿಡಿಸಿಕೊಳ್ಳುತ್ತಾರೆ, ನ್ಯಾಯವೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2022ರಲ್ಲಿ ಕಡಿಮೆ ಆದಾಯದವರಿಗೆ ದಿನಕ್ಕೆ 100 ಡಾಲರ್ ಕೊಡುವ ಪ್ರಯೋಗ ಶುರುವಾದದ್ದು ಇದಕ್ಕೇ. ಕಂಪನಿಯಿಂದ ಸಂಬಳ ಬರುತ್ತಲೇ ಇರುವ ನಾವೂ ನುಣುಚಿಕೊಂಡರೆ ಜ್ಯೂರಿಯ ಆ ಹನ್ನೆರಡು ಕುರ್ಚಿಗಳಲ್ಲಿ ಉಳಿಯುವುದು ಯಾರು? ಆರೋಪಿಯ ಜಾಗದಲ್ಲಿ ನಮ್ಮ ಮಗನೇ ಇದ್ದರೆ ಎಂಥವರು ಅಲ್ಲಿ ಕೂರಬೇಕು ಅನ್ನಿಸುತ್ತದೆ, ಯೋಚಿಸಿ.

ಬಂದವರಲ್ಲಿ ಯಾರು ಜ್ಯೂರಿಯಲ್ಲಿ ಕೂರಬೇಕು ಎಂದು ಆರಿಸುವಾಗ ಜಡ್ಜ್ ಒಂದು ಪ್ರಶ್ನೆ ಕೇಳಬಹುದು: "ಈಗಲೇ ತೀರ್ಪು ಕೊಡಿ ಅಂದರೆ?" ನಮ್ಮ ಪಕ್ಕದವರು "ಇನ್ನೂ ಏನೂ ಗೊತ್ತಿಲ್ಲವಲ್ಲ" ಅಂದರು. ಸರಿಯಾದ ಉತ್ತರ "ತಪ್ಪಿತಸ್ಥನಲ್ಲ". ಪುರಾವೆಯಿಂದ ಆರೋಪ ಸಾಬೀತಾಗುವವರೆಗೆ ಆರೋಪಿ ನಿರ್ದೋಷಿ. ನಿಮ್ಮನ್ನು ಕೈಬಿಟ್ಟರೆ ಬೇಜಾರಾಗಬೇಡಿ. ಇಬ್ಬರು ವಕೀಲರಿಗೂ ಕಾರಣ ಹೇಳದೆ ಕೆಲವರನ್ನು ಬಿಡುವ ಹಕ್ಕಿದೆ. ಆದರೆ ಬಣ್ಣ, ಜನಾಂಗ ನೋಡಿ ಬಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1986ರಲ್ಲೇ ಹೇಳಿದೆ.

ಕೇಸು ನಡೆಯುವಾಗ ಗೂಗಲ್ ಮುಟ್ಟಬೇಡಿ, ಘಟನೆ ನಡೆದ ಜಾಗಕ್ಕೆ ಹೋಗಬೇಡಿ, ಮನೆಯಲ್ಲೂ ಬಾಯಿ ಬಿಡಬೇಡಿ. ನಮ್ಮ ಯಜಮಾನರು ಕೆದಕಿ ಕೆದಕಿ ಕೇಳಿದರು; "ಮುಗೀಲಿ ತಡೀರಿ" ಅಂದೆ.

ಬಾಗಿಲು ಮುಚ್ಚಿ ಚರ್ಚೆಗೆ ಕೂತಾಗ ತಪ್ಪಿತಸ್ಥನೋ ಅಲ್ಲವೋ ಎಂದು ಮೊದಲೇ ಕೈ ಎತ್ತಿಸಬೇಡಿ. ಒಮ್ಮೆ ಕೈ ಎತ್ತಿದವರಿಗೆ ಇಳಿಸಲು ಮರ್ಯಾದೆ ಅಡ್ಡ ಬರುತ್ತದೆ. ನಮ್ಮದು ಕುಡಿದು ಕಾರು ಓಡಿಸಿದ ಕೇಸು, ಎರಡು ಆರೋಪ. ನಿವೃತ್ತ ಪೋಸ್ಟ್‌ಮನ್ ಒಬ್ಬರು ಪೊಲೀಸ್ ಕ್ಯಾಮೆರಾದ ವೀಡಿಯೊ ಮತ್ತೆ ನೋಡಬೇಕು ಅಂದರು. ಜಡ್ಜ್‌ಗೆ ಚೀಟಿ ಬರೆದು ಕಳಿಸಿದೆವು. ನೋಡಿದರೆ ಅಮಲು ಪರೀಕ್ಷಿಸಲು ಪೊಲೀಸರು ಅವನನ್ನು ನೇರ ಗೆರೆಯಲ್ಲಿ ನಡೆಸಿದ ಜಾಗವೇ ಇಳಿಜಾರು! ಅಮಲಿನಲ್ಲಿದ್ದ ಎಂಬ ಆರೋಪ ಅಲ್ಲಿಗೆ ಬಿತ್ತು. ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಅಥವಾ ಅದಕ್ಕಿಂತ ಹೆಚ್ಚಿತ್ತು ಎಂಬ ಎರಡನೆಯದು ಮಾತ್ರ ನಿಂತಿತು.

"ಜ್ಯೂರಿ ಅಂದ್ರೆ ನಾನಾವತಿ ಕೇಸ್ ತಾನೇ" ಅಂತ ಮೂಗು ಮುರಿಯುವವರಿದ್ದಾರೆ. ಹೆಂಡತಿಯ ಪ್ರಿಯಕರನನ್ನು ನೌಕಾಪಡೆಯ ಅಧಿಕಾರಿ ನಾನಾವತಿ ಗುಂಡಿಟ್ಟು ಕೊಂದ ಬೊಂಬಾಯಿಯ ಆ ಕೇಸಿನಲ್ಲಿ ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಮಂದಿ ನಿರ್ದೋಷಿ ಅಂದರು. ಹೈಕೋರ್ಟು ಅದನ್ನು ತಳ್ಳಿಹಾಕಿತು. ಇಲ್ಲಿ ಕ್ರಿಮಿನಲ್ ಕೇಸಿನಲ್ಲಿ ಹನ್ನೆರಡೂ ಜನ ಒಪ್ಪಬೇಕು. ಸಂಶಯ ಉಳಿದ ಒಬ್ಬರ ಮಾತನ್ನೂ ಉಳಿದವರು ಕೇಳಲೇಬೇಕು. ಆ ಒಬ್ಬರು ನೀವಾದರೆ, ಕಾರಣವಿದ್ದರೆ, ಮನೆಗೆ ಹೋಗುವ ಆತುರಕ್ಕೆ ಒಪ್ಪಬೇಡಿ.

ಮುಗಿದ ಮೇಲೆ ಕಾರಿಡಾರಿನಲ್ಲಿ ವಕೀಲರು ಮಾತಾಡಿಸಬಹುದು. ಮಾತಾಡುವುದು ಬಿಡುವುದು ನಿಮ್ಮಿಷ್ಟ. ಹಾಜರಾತಿ ಪತ್ರ ಇಸಿದುಕೊಂಡು ಎಚ್‌ಆರ್‌ಗೆ ಕೊಡಿ, 15 ಡಾಲರಿನ ಚೆಕ್ ಕಂಪನಿಗೆ ಒಪ್ಪಿಸಬೇಕೇ ಅಂತಲೂ ಕೇಳಿಕೊಳ್ಳಿ.