ಡಿಎಫ್‌ಐ ಪರೀಕ್ಷೆ: ಯಾರಿಗೆ ಬೇಕು, ಸ್ಯಾಂಪಲ್ ಹೇಗೆ ಕೊಡಬೇಕು, ರಿಪೋರ್ಟ್ ಜಾಸ್ತಿ ಬಂದರೆ ಏನು ಮಾಡಬೇಕು

ವೀರ್ಯ ಪರೀಕ್ಷೆಯಲ್ಲಿ ಸಂಖ್ಯೆ, ಚಲನೆ, ಆಕಾರ ಮೂರೂ ಸರಿಯಿದ್ದರೂ ವೀರ್ಯಾಣುವಿನ ತಲೆಯೊಳಗಿನ ಡಿಎನ್‌ಎ ಎಳೆ ತುಂಡಾಗಿರಬಹುದು. ಮಾಮೂಲಿ ರಿಪೋರ್ಟ್ ಇದನ್ನು ತೋರಿಸುವುದಿಲ್ಲ. ನೂರರಲ್ಲಿ ಎಷ್ಟು ವೀರ್ಯಾಣುಗಳಿಗೆ ಹೀಗಾಗಿದೆ ಎಂಬ ಲೆಕ್ಕವೇ ಡಿಎಫ್‌ಐ (ಡಿಎನ್‌ಎ ಫ್ರಾಗ್ಮೆಂಟೇಶನ್ ಇಂಡೆಕ್ಸ್).

ಮೊದಲ ಸಲ ತಪಾಸಣೆಗೆ ಹೋದವರು ಇದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಎರಡು ಅಥವಾ ಹೆಚ್ಚು ಸಲ ಗರ್ಭಪಾತವಾಗಿದ್ದರೆ, ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮೇಲಿಂದ ಮೇಲೆ ಫಲಿಸದಿದ್ದರೆ, ಗಂಡನಿಗೆ ವೆರಿಕೋಸೀಲ್ (ವೃಷಣದ ಮೇಲಿನ ರಕ್ತನಾಳಗಳ ಊತ) ಇದ್ದರೆ ಕೇಳಿ ಮಾಡಿಸಿ. ಅಂಡಾಣು, ವೀರ್ಯಾಣುಗಳನ್ನು ಲ್ಯಾಬ್‌ನಲ್ಲಿ ಕೂಡಿಸುವ ಐವಿಎಫ್‌ನಲ್ಲಿ ಇನ್ನೊಂದು ಸುಳಿವಿದೆ: ಮೂರನೇ ದಿನದವರೆಗೆ ಚೆನ್ನಾಗಿದ್ದ ಭ್ರೂಣಗಳು ಐದನೇ ದಿನಕ್ಕೆ ಬ್ಲಾಸ್ಟೋಸಿಸ್ಟ್ (ಗರ್ಭಕೋಶಕ್ಕೆ ಅಂಟಿಕೊಳ್ಳುವ ಮುಂಚಿನ ಹಂತ) ಆಗದೆ ನಿಂತುಬಿಡುವುದು. ಮೊದಲ ಎರಡು ಮೂರು ದಿನ ಭ್ರೂಣ ಬದುಕುವುದು ಅಂಡಾಣು ಕೂಡಿಟ್ಟ ದಾಸ್ತಾನಿನ ಮೇಲೆ. ಭ್ರೂಣದ ಸ್ವಂತ ಜೀನ್‌ಗಳು ಪೂರ್ತಿ ಕೆಲಸಕ್ಕಿಳಿಯುವುದು ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ. ತಂದೆಯ ಕಡೆಯ ಹಾನಿ ಅನೇಕ ಸಲ ಹೊರಬೀಳುವುದು ಆಮೇಲೆಯೇ. ಆದರೆ ಅಂಡಾಣುವಿನ ಗುಣಮಟ್ಟ ಕುಗ್ಗಿದ್ದರೂ ಭ್ರೂಣ ಹೀಗೆಯೇ ನಿಲ್ಲುತ್ತದೆ, ಹಾಗಾಗಿ ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ.

ಸ್ಯಾಂಪಲ್ ಕೊಡುವಾಗಲೇ ಹೆಚ್ಚು ಎಡವಟ್ಟಾಗುವುದು. ಸಂಯಮದ ಅವಧಿ (ವೀರ್ಯ ಹೊರಹಾಕದೆ ಇರುವ ದಿನಗಳು) 2ರಿಂದ 7 ದಿನದೊಳಗೆ ಇರಲಿ, ಪ್ರತಿ ಸಲವೂ ಅಷ್ಟೇ ದಿನ ಇರಲಿ. ಹತ್ತು ಹನ್ನೆರಡು ದಿನ ಬಿಟ್ಟು ಕೊಟ್ಟರೆ ಹಳೆಯ ವೀರ್ಯಾಣುಗಳು ಸೇರಿ ಡಿಎಫ್‌ಐ ಏರಿ ಕಾಣುತ್ತದೆ. ಎಣ್ಣೆ, ಜೊಲ್ಲು, ಸಾಮಾನ್ಯ ಕಾಂಡೋಮ್ ಯಾವುದೂ ಬೇಡ. ಮೊದಲ ಹನಿಯಿಂದಲೇ ಪೂರ್ತಿ ಡಬ್ಬಿಗೆ ಬೀಳಬೇಕು. ಮನೆಯಿಂದ ತರುವುದಾದರೆ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬ್‌ಗೆ ಮುಟ್ಟಿಸಿ. ಹಿಂದಿನ ಮೂರು ತಿಂಗಳಲ್ಲಿ ಡೆಂಗಿಯಂಥ ಜೋರು ಜ್ವರ ಬಂದಿದ್ದರೆ ಪರೀಕ್ಷೆ ಮುಂದೂಡಿ.

ಡಿಎಫ್‌ಐ ಅಳೆಯುವ ಎಸ್‌ಸಿಎಸ್‌ಎ ಎಂಬ ವಿಧಾನದಲ್ಲಿ 15ಕ್ಕಿಂತ ಕಡಿಮೆ ಒಳ್ಳೆಯದು, 15ರಿಂದ 30 ನಡುವಿನದು, 30 ದಾಟಿದರೆ ಹೆಚ್ಚು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಟ್ಯೂನೆಲ್, ಕಾಮೆಟ್, ಎಸ್‌ಸಿಡಿ ಎಂಬ ಇತರ ವಿಧಾನಗಳ ಗಡಿಗಳೇ ಬೇರೆ. ಆದ್ದರಿಂದ ಎರಡು ಲ್ಯಾಬ್‌ಗಳ ಅಂಕಿ ಪಕ್ಕಪಕ್ಕ ಇಟ್ಟು ಗಾಬರಿಯಾಗಬೇಡಿ. ಹೆಂಡತಿಯ ವಯಸ್ಸನ್ನೂ ಜೊತೆಗೇ ಓದಬೇಕು. ವೀರ್ಯಾಣುವಿನ ಸಣ್ಣಪುಟ್ಟ ಒಡಕನ್ನು ಅಂಡಾಣುವೇ ರಿಪೇರಿ ಮಾಡಿಕೊಳ್ಳುತ್ತದೆ, ವಯಸ್ಸಾದಂತೆ ಆ ಶಕ್ತಿ ಇಳಿಯುತ್ತದೆ. 28ರ ಹೆಂಡತಿಯಿರುವಾಗ ಅಷ್ಟಾಗಿ ಕಾಡದ ಡಿಎಫ್‌ಐ 39ರಲ್ಲಿ ತೊಡಕಾಗಬಹುದು.

ಜಾಸ್ತಿ ಬಂದರೆ ಮೊದಲು ಯೂರಾಲಜಿಸ್ಟ್ (ಮೂತ್ರಾಂಗ ತಜ್ಞ) ಅಥವಾ ಆಂಡ್ರಾಲಜಿಸ್ಟ್ (ಪುರುಷರ ಸಂತಾನ ಸಮಸ್ಯೆಯ ತಜ್ಞ) ಹತ್ತಿರ ದೇಹ ಪರೀಕ್ಷೆ ಮಾಡಿಸಿ. ರಿಪೋರ್ಟ್ ಕಂಡ ಕೂಡಲೇ ನೇರ ಐವಿಎಫ್‌ಗೆ ಕಳಿಸುವ ಅವಸರದಲ್ಲಿ ಇದೊಂದು ತಪ್ಪಿಹೋಗುತ್ತದೆ. ಕೈಗೆ ಸಿಗುವಷ್ಟು ದಪ್ಪಗಿರುವ ವೆರಿಕೋಸೀಲ್‌ಗೆ ಆಪರೇಷನ್ ಆದರೆ ಡಿಎಫ್‌ಐ ಇಳಿಯುವುದು ಸಾಮಾನ್ಯ. ಸೋಂಕಿದ್ದರೆ ಚಿಕಿತ್ಸೆ, ಸಕ್ಕರೆ ಕಾಯಿಲೆಯಿದ್ದರೆ ಹತೋಟಿ. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಂದ್. ತೊಡೆಯ ಮೇಲೆ ಲ್ಯಾಪ್‌ಟಾಪ್ ಬೇಡ, ಕುಲುಮೆ ಅಥವಾ ಬೇಕರಿ ಒಲೆ ಮುಂದೆ ದುಡಿಯುವವರು ಅದನ್ನು ವೈದ್ಯರಿಗೆ ಹೇಳಬೇಕು. ಜಿಮ್‌ನಲ್ಲಿ ಕೊಡುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಹುದು. ಹೊಸ ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಮತ್ತಷ್ಟು ದಿನ ಬೇಕು. ಮೂರು ತಿಂಗಳಿಗೆ ಮುಂಚೆ ಮರುಪರೀಕ್ಷೆ ದಂಡ.

ವೀರ್ಯ ಸುಧಾರಿಸಲೆಂದು ಕೊಡುವ ಮಾತ್ರೆಗಳ ಬಗ್ಗೆ ಹುಷಾರು. ಅಮೆರಿಕದಲ್ಲಿ 2,370 ಪುರುಷರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್, 30 ಮಿಲಿಗ್ರಾಂ ಸತು ಆರು ತಿಂಗಳು ಕೊಟ್ಟರು. ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ, ಡಿಎನ್‌ಎ ಒಡಕು ಮಾತ್ರ ಸ್ವಲ್ಪ ಹೆಚ್ಚೇ ಕಂಡಿತು.

ಹೆಂಡತಿಗೆ 38 ದಾಟಿದ್ದರೆ ಅಥವಾ ಅಂಡಾಣು ಸಂಗ್ರಹ ಕಡಿಮೆಯಿದ್ದರೆ ಮೂರು ತಿಂಗಳು ಕಾಯುವುದೇ ನಷ್ಟ ತರಬಹುದು. ಅಂಥ ದಂಪತಿಯಲ್ಲಿ ಗಂಡ, ಐವಿಎಫ್‌ಗೆ ಅಂಡಾಣು ತೆಗೆಯುವ ಹಿಂದಿನ ದಿನ ವೀರ್ಯ ಹೊರಹಾಕಿ, ಮರುದಿನ ಹೊಸ ಸ್ಯಾಂಪಲ್ ಕೊಡುವ ಬಗ್ಗೆ ಲ್ಯಾಬ್‌ನಲ್ಲಿ ಕೇಳಬಹುದು. ಪರಿಮಾಣ ಕಡಿಮೆಯಾದರೂ ತಾಜಾ ವೀರ್ಯಾಣು ಸಿಗುತ್ತದೆ, ಖರ್ಚೂ ಇಲ್ಲ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಕೂಡ ಪದೇಪದೇ ಕೈಕೊಟ್ಟು ಡಿಎಫ್‌ಐ ಹೆಚ್ಚೇ ಉಳಿದರೆ ವೃಷಣದಿಂದಲೇ ಸೂಜಿ ಹಾಕಿ ವೀರ್ಯಾಣು ತೆಗೆಯುವ ದಾರಿಯಿದೆ. ರಕ್ತಸ್ರಾವ, ಸೋಂಕಿನ ಅಪಾಯವಿರುವುದರಿಂದ ಅದನ್ನು ಚಿಕಿತ್ಸೆಯ ಮೊದಲ ಸುತ್ತಿನಲ್ಲೇ ಮಾಡಿಸಿಕೊಳ್ಳಬೇಡಿ. ವೀರ್ಯಾಣು ಆರಿಸುವ ಪಿಕ್ಸಿ ಡಿಶ್‌ಗೆ ಹೆಚ್ಚುವರಿ ಬಿಲ್ ಹಾಕಿದರೆ ಯಾಕೆಂದು ಕೇಳಿ: ಬ್ರಿಟನ್‌ನಲ್ಲಿ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದರಿಂದ ಹೆರಿಗೆಯವರೆಗೆ ತಲುಪಿದವರ ಪ್ರಮಾಣ ಹೆಚ್ಚಾಗಿರಲಿಲ್ಲ.