ಹೈಲೈಟರ್ ಪಕ್ಕಕ್ಕಿಡಿ, ಪೆನ್ಸಿಲ್ ಹಿಡಿಯಿರಿ

ಸಂಶೋಧನಾ ಲೇಖನ ಓದುವಾಗ ಸಾಲು ಸಾಲಿಗೂ ಹಳದಿ ಬಳಿದರೆ ಜಾಸ್ತಿ ಏನೂ ತಲೆಯಲ್ಲಿ ಉಳಿಯುವುದಿಲ್ಲ. ಅದರ ಬದಲು ಅಂಚಿನಲ್ಲಿ ಪ್ರಶ್ನೆ ಬರೆಯಿರಿ. ಮೊದಲು ಸಾರಾಂಶ, ಆಮೇಲೆ ಕೊನೆಯ ಭಾಗ ಓದಿ. ಲೇಖಕರ ವಾದವನ್ನು ಒಂದೇ ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಮತ್ತೊಮ್ಮೆ ಓದಿ.

‘ಚೆನ್ನಾಗಿ ನಿದ್ದೆ ಮಾಡುವ ವಿದ್ಯಾರ್ಥಿಗಳು ಜಾಸ್ತಿ ಅಂಕ ಪಡೆಯುತ್ತಾರೆ’ ಅಂತ ಇದೆ ಅಂದುಕೊಳ್ಳಿ. ಸುಮ್ನೆ ಒಪ್ಪಬೇಡಿ. ಎಷ್ಟು ಜನರನ್ನು ಕೇಳಿದರು? ನಿದ್ದೆಯನ್ನು ಅಳೆದರೋ, ಅವರೇ ಹೇಳಿದ್ದನ್ನು ಬರೆದುಕೊಂಡರೋ? ಮನೆಯಲ್ಲಿ ನೆಮ್ಮದಿ ಇದ್ದವರಿಗೆ ನಿದ್ದೆಯೂ ಬರುತ್ತದೆ, ಓದೂ ಹತ್ತುತ್ತದೆ, ಅಲ್ವಾ? ಹಾಗಿದ್ದರೆ ಅಂಕಕ್ಕೆ ನಿದ್ದೆಯೇ ಕಾರಣ ಅನ್ನುವಂತಿಲ್ಲ. ಎರಡು ಸಂಗತಿ ಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಬೇಕಿಲ್ಲ. ಹಾಗಂತ ಎಲ್ಲದರಲ್ಲೂ ತಪ್ಪು ಹುಡುಕುವುದು ವಿಮರ್ಶೆಯಲ್ಲ (ಈ ಚಟ ಹಲವರಿಗಿದೆ). ವಾದ ಎಲ್ಲಿ ಗಟ್ಟಿಯಿದೆ ಅನ್ನುವುದನ್ನೂ ಗುರುತಿಸಿ.

ಓದಿದ್ದನ್ನು ಬಳಸಿ ನಿಮ್ಮ ಪ್ರಬಂಧ ಬರೆಯುವಾಗ ಮೂಲ ಲೇಖನವನ್ನು ಮುಚ್ಚಿಟ್ಟು ನಿಮ್ಮ ಮಾತಿನಲ್ಲೇ ಬರೆಯಿರಿ. ಆಮೇಲೆ ತೆರೆದು ಹೋಲಿಸಿ, ಲೇಖಕರ ಹೆಸರು, ಪುಟ ಆಗಲೇ ಗುರುತು ಹಾಕಿಕೊಳ್ಳಿ. ಪ್ಯಾರಾ ತುಂಬ ಬೇರೆಯವರ ಮಾತೇ ಇದ್ದರೆ, ‘ಸರಿ, ಇದರಿಂದ ಏನಾಯಿತು?’ ಅಂತ ಕೇಳಿಕೊಳ್ಳಿ. ಸಿಕ್ಕ ಉತ್ತರವನ್ನು ಅಲ್ಲೇ ಸೇರಿಸಿ.